ಕಿರೀಟ ಬಂದ ಮನೆ

ಚೀಟಿ ಎತ್ತಿದ್ದು ಲೌರಿಂದಳೇ. ಇನ್ನು ಯಾರನ್ನು ದೂರುವುದು? ಈಸ್ಟರ್ ಕಳೆದ ಮೇಲೆ ಪವಿತ್ರಾತ್ಮನ ಬೆಳ್ಳಿ ಕಿರೀಟ ವಾರಕ್ಕೊಂದು ಮನೆಯಲ್ಲಿ ಇಳಿದುಕೊಳ್ಳಬೇಕು, ಅದು ಯಾವ ಮನೆ ಎಂಬುದನ್ನು ಊರಿನ ಹಿರಿಯಳು ಟೋಪಿಯಿಂದ ಚೀಟಿ ಎತ್ತಿ ಹೇಳಬೇಕು. ಅಜೋರ್ಸ್ ದ್ವೀಪಗಳಲ್ಲಿ ಇದು ಮುತ್ತಜ್ಜಂದಿರ ಕಾಲದ ಪದ್ಧತಿ. ಲೌರಿಂದ ಎತ್ತಿದಳು, ಬಿಚ್ಚಿದಳು, ಓದಿಕೊಂಡಳು. ಅದರಲ್ಲಿದ್ದದ್ದು ಅವಳ ಮಗ ಗ್ವಾಲ್ತೆರ್‌ನ ಹೆಸರು. ಪಕ್ಕದಲ್ಲೇ ಅಬೀಲಿಯೊನ ಹೆಸರು.

ಆ ಇಬ್ಬರು ಗಂಡಸರು ಗಂಡಹೆಂಡಿರ ಹಾಗೆ ಒಂದೇ ಮನೆ ಮಾಡಿಕೊಂಡಂದಿನಿಂದ ಅವಳು ಆ ಹೊಸ್ತಿಲು ತುಳಿದಿರಲಿಲ್ಲ. ಬೀದಿಯಲ್ಲಿ ಮಗ ಎದುರಾದರೆ ಮಾತಾಡಿಸುವಳು, ಅಬೀಲಿಯೊ ಎದುರಾದರೆ ಆಕಾಶ ನೋಡುವಳು.

ಚೀಟಿಯನ್ನು ಸುಮ್ಮನೆ ಟೋಪಿಗೆ ಮತ್ತೆ ಜಾರಿಸಿಬಿಡಬಹುದಿತ್ತು. ಆದರೆ ಪವಿತ್ರಾತ್ಮನ ಗುರುತಾಗಿ ಕಿರೀಟದ ತುದಿಯಲ್ಲಿ ಕೂತ ಬೆಳ್ಳಿ ಪಾರಿವಾಳ ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಗಟ್ಟಿಯಾಗಿ ಓದಿಬಿಟ್ಟಳು.

"ಏನೋ ತಪ್ಪಾಗಿದೆ ಕಣಕ್ಕಾ. ಇನ್ನೊಂದ್ಸಲ ಎತ್ತು," ಅಂದಳು ನೆರೆಮನೆಯ ಜುಲ್ಮೀರಾ.

"ಯಾಕೆ, ಪವಿತ್ರಾತ್ಮಂಗೆ ಅರಳುಮರಳಾ? ನೀನು ಪಾಠ ಹೇಳ್ಕೊಡ್ತೀಯಾ?" ಲೌರಿಂದ ಸಿಡುಕಿದಳು.

ಪಾದ್ರಿ ಒರಾಸಿಯೊ ಕೆಮ್ಮಿ ನಗು ನುಂಗಿಕೊಂಡರು. ತಾನೇ ತೋಡಿದ ಗುಂಡಿಗೆ ಬಿದ್ದೆನೆಂದು ಲೌರಿಂದಳಿಗೆ ಹೊಳೆದದ್ದು ಆಮೇಲೆ. ಕಿರೀಟವಿರುವ ಮನೆಯಲ್ಲಿ ದಿನಾ ಸಂಜೆ ಜಪಸರದ ಪ್ರಾರ್ಥನೆ ಆಗಬೇಕು, ಊರಿನಲ್ಲಿ ಅದನ್ನು ನಡೆಸಿಕೊಡುವವಳು ಅವಳೇ. ಅವಳು ಹೋಗದಿದ್ದರೆ ಬೇರೆ ಯಾರೂ ಹೋಗುವುದಿಲ್ಲ. ಪ್ರಾರ್ಥನೆಯಿಲ್ಲದ ಮನೆಯಿಂದ ಮರುದಿನವೇ ಕಿರೀಟವನ್ನು ಎತ್ತಿಕೊಂಡು ಹೋಗುತ್ತಾರೆ. ಅಷ್ಟು ಅವಮಾನ ಹೊತ್ತು ಮಗ ಈ ದ್ವೀಪದಲ್ಲಿ ಉಳಿದಾನೇ?

ಭಾನುವಾರ ಸಂಜೆ ಅವಳು ಮಗನ ಮನೆಯೆದುರು, ಬೀದಿಯ ಈಚೆ ಬದಿಯಲ್ಲಿ ನಿಂತೇ ಇದ್ದಳು. ಆ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಸಾಲಾಗಿ ಜೋಡಿಸಿದ ಕುರ್ಚಿಗಳೆಲ್ಲ ಖಾಲಿ. ಬೀದಿಯುದ್ದಕ್ಕೂ ಕಿಟಕಿ ಪರದೆಗಳ ಹಿಂದೆ ಜನ, ಇವಳೇನು ಮಾಡುತ್ತಾಳೋ ಎಂದು ಕಾಯುತ್ತಿದ್ದರು.

ಗ್ವಾಲ್ತೆರ್ ಬಾಗಿಲಿಗೆ ಬಂದ. "ಅಮ್ಮಾ, ನನ್ನ ನೋಡಕ್ಕೆ ಬರ್ಬೇಡ ಬಿಡು. ಕಿರೀಟಾನ ನೋಡಕ್ಕಾದ್ರೂ ಬಾ."

ಅವಳು ಬೀದಿ ದಾಟಿದಳು. ಹೊಸ್ತಿಲು ದಾಟಿದಳು. ದಾಟಿ ಅಲ್ಲೇ ನಿಂತುಬಿಟ್ಟಳು.

ಬಿಳಿ ಬಟ್ಟೆ ಹಾಸಿದ ಪುಟ್ಟ ಪೀಠದ ಮೆಟ್ಟಿಲುಗಳ ಮೇಲೆ, ಮೇಣದಬತ್ತಿಗಳ ನಡುವೆ ಕಿರೀಟ ಹೊಳೆಯುತ್ತಿತ್ತು. ಅಬ್ಬಾ! ಹುಟ್ಟಿದಾಗಿನಿಂದ ಕಂಡ ಕಿರೀಟವೇ, ಆದರೂ ಇಂದೇ ಮೊದಲ ಸಲ ಕಂಡಂತೆ ಅವಳು ನೋಡಿದಳು. ತಾನು ಕಾಲಿಡಲೊಲ್ಲದ ಮನೆಗೆ ಬಂದು, ತನ್ನದೇ ಮನೆ ಎನ್ನುವ ಹಾಗೆ ಆರಾಮಾಗಿ ಕೂತಿತ್ತು. ದೇವರೇ, ನೀನೇ ಬಂದು ಕೂತಿದ್ದೀಯ, ನಾನು ಯಾವ ಮಹಾರಾಣಿ ಅಂತ ಆಚೆ ನಿಂತಿದ್ದೆ? ಕಣ್ಣೀರು ತಾನಾಗಿ ಹರಿಯಿತು. ಒರೆಸಿಕೊಳ್ಳಬೇಕೆಂದೂ ಅವಳಿಗೆ ತೋಚಲಿಲ್ಲ.

ಮೂಲೆಯಲ್ಲಿ ಸಿಹಿ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದ ಅಬೀಲಿಯೊ ಮೆಲ್ಲಗೆ ಹೇಳಿದ, "ನಾನು ಅಡುಗೆಮನೇಲಿರ್ತೀನಿ ಅಮ್ಮಾವ್ರೇ. ನಿಮಗೆ ಇರುಸುಮುರುಸಾಗೋದು ಬೇಡ."

"ಕಿರೀಟ ಬಂದಿರೋವಾಗ ಮನೆ ಯಜಮಾನ ಅಡುಗೆಮನೇಲಿ ಬಚ್ಚಿಟ್ಕೋತಾನಾ? ಚೆನ್ನಾಗಿದೆ! ತಟ್ಟೆ ಇಡು. ನನ್ನ ಪಕ್ಕ ಮಂಡಿಯೂರು. ಮಂಡಿ ನೋವು ನಂಗೆ, ಏಳೋವಾಗ ಕೈ ಕೊಡೋಕೆ ಯಾರಾದ್ರೂ ಬೇಕಲ್ಲ."

ಅಷ್ಟು ಹೊತ್ತಿಗೆ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಜುಲ್ಮೀರಾ ಬಂದಳು, ಅವಳ ಬೆನ್ನಿಗೇ ಉಳಿದವರು. ಕುರ್ಚಿಗಳು ಸಾಲದೆ ಕೆಲವರು ಗೋಡೆಗೆ ಆತು ನಿಂತರು.

ಪ್ರಾರ್ಥನೆಗೆ ಮೊದಲು ಮನೆಯವರ ಹೆಸರು ಹೇಳಿ ದೇವರ ಕೈಗೆ ಒಪ್ಪಿಸುವುದು ರೂಢಿ. ಲೌರಿಂದ ಜಪಸರವನ್ನು ಬೆರಳಿಗೆ ಸುತ್ತಿಕೊಂಡಳು.

"ಸ್ವಾಮೀ, ಈ ಮನೆಯವರನ್ನ ಕಾಯಿ. ನನ್ನ ಮಗ ಗ್ವಾಲ್ತೆರ್‌ನ..." ಪಾರಿವಾಳದ ಕಡೆ ಒಮ್ಮೆ ನೋಡಿದಳು. "ನನ್ನ ಅಳಿಯ ಅಬೀಲಿಯೊನ."

ಅಬೀಲಿಯೊ ಆಮೆನ್ ಅನ್ನಲು ಬಾಯಿ ತೆರೆದವನು ಅಳು ಬಂದು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಅವನ ಪರವಾಗಿ ಹಿಂದಿನ ಸಾಲಿನಿಂದ ಜುಲ್ಮೀರಾಳೇ ಆಮೆನ್ ಅಂದಳು.