ಶಿಳ್ಳೆಯ ನಂತರದ ನಾಲ್ಕು ನಿಮಿಷ

ಬೆಳಗ್ಗೆ ಗೇಟಿನ ಬಳಿ ಸಮವಸ್ತ್ರದ ಇಬ್ಬರು ಬಂದು ನಿಂತದ್ದನ್ನು ಕಂಡಾಗಲೇ ಮೇಷ್ಟ್ರಿಗೆ ವಿಷಯ ತಿಳಿದುಹೋಯಿತು. ಅವರು ಅಗ್ನಿಶಾಮಕ ಠಾಣೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಕೊನೆಯ ಹನ್ನೆರಡು ವರ್ಷ ಹೊಸಬರನ್ನು ಪರೀಕ್ಷಿಸಿ, ತರಬೇತಿ ಕೊಟ್ಟು, ಮೇಷ್ಟ್ರೆಂಬ ಹೆಸರನ್ನು ಅಂಟಿಸಿಕೊಂಡೇ ನಿವೃತ್ತರಾದವರು. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು, ಇಬ್ಬರು ಹೋಗಬೇಕು, ಒಬ್ಬ ಹೇಳಬೇಕು, ಇನ್ನೊಬ್ಬ ಮನೆಯವರ ಜೊತೆ ಉಳಿಯಬೇಕು ಎಂಬುದು ಠಾಣೆಯ ರೂಢಿ. ಅವರೇ ಹಾಗೆ ನಾಲ್ಕು ಬಾಗಿಲುಗಳ ಮುಂದೆ ನಿಂತಿದ್ದರು.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಗಳು, "ಅಪ್ಪಾ, ಯಾರು ಬಂದ್ರು?" ಎಂದು ಕೂಗಿದಳು. ಮೇಷ್ಟ್ರು ಹೋಗಿ ಗೇಟಿನ ಅಗಳಿ ತೆಗೆದರು.

ಹೇಳಬೇಕಾದ ಠಾಣಾಧಿಕಾರಿ ಹೇಳಿದ. ಉಳಿಯಬೇಕಾದವನು ಗೇಟು ದಾಟಲಿಲ್ಲ. ಅವನನ್ನು ಠಾಣೆಯಲ್ಲಿ ಗಡಿಯಾರ ಎನ್ನುತ್ತಿದ್ದರು. "ಟೀ ಆರೋದಕ್ಕೂ ಟೈಮ್ ಬರ್ಕೋತೀಯೇನೋ?" ಎಂದು ಅದೇ ಠಾಣೆಯಲ್ಲಿದ್ದ ಮೇಷ್ಟ್ರ ಅಳಿಯನೇ ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದ. ಇನ್ನು ಆ ಅಳಿಯ ಇರಲಿಲ್ಲ.

ಸೋಫಾ ತಯಾರಿಸುವ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಹೊರಗೆ ಬಂದ ಕೆಲಸಗಾರರಲ್ಲಿ ಒಬ್ಬ ಕಡಿಮೆ ಎಂದು ಯಾರೋ ಕೂಗಿದರು. ಅಳಿಯನೂ ಅವನ ಜೊತೆಗಾರನೂ ಒಳಹೊಕ್ಕರು. ಹೊಗೆಯೊಳಗೆ ಹೋಗುವವನು ತನ್ನ ಹೆಸರಿನ ಬಿಲ್ಲೆಯನ್ನು ಬಾಗಿಲ ಬಳಿಯ ಹಲಗೆಗೆ ಸಿಕ್ಕಿಸಬೇಕು. ಹಲಗೆಯ ಮುಂದೆ ನಿಂತವನು ಅವನ ಬೆನ್ನಿನ ಸಿಲಿಂಡರಿನಲ್ಲಿ ಎಷ್ಟು ಗಾಳಿಯಿದೆ, ಅದು ಎಷ್ಟು ಹೊತ್ತಿಗೆ ತೀರುತ್ತದೆ ಎಂದು ಬರೆದಿಟ್ಟು, ಸಮಯಕ್ಕೆ ಸರಿಯಾಗಿ ವಾಕಿಟಾಕಿಯಲ್ಲಿ ಕರೆಯಬೇಕು. ಗಾಳಿ ತೀರಾ ಇಳಿದರೆ ಸಿಲಿಂಡರೇ ಶಿಳ್ಳೆ ಹಾಕುತ್ತದೆ. ಆಮೇಲೆ ಒಳಗೆ ಯಾರೇ ಇರಲಿ, ಹೊರಬರಲೇಬೇಕು. ಅಂದು ಹಲಗೆಯ ಮುಂದೆ ಇದ್ದವನು ಗಡಿಯಾರ.

ಜೊತೆಗಾರ ತೆವಳಿಕೊಂಡು ಬಂದು ಹೊಸ್ತಿಲಲ್ಲಿ ಬಿದ್ದ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನಿಗೆ ಏನೊಂದೂ ನೆನಪಿರಲಿಲ್ಲ. ಅಳಿಯ ಬರಲಿಲ್ಲ. ಅವನು ಹುಡುಕಿ ಹೋದ ಕೊನೆಯ ಕೋಣೆ ಖಾಲಿಯಾಗಿತ್ತು. ಲೆಕ್ಕಕ್ಕೆ ಸಿಗದ ಆ ಕೆಲಸಗಾರ ಅಂದು ಹೊಟ್ಟೆನೋವೆಂದು ಮನೆಯಲ್ಲೇ ಮಲಗಿದ್ದ.

ಎರಡು ವಾರದೊಳಗೆ ಎಲ್ಲರ ಬೆರಳೂ ಗಡಿಯಾರನ ಕಡೆ ತಿರುಗಿತು. ಮೂರು ಸಲ ಕರೆದೆ ಎಂದು ಅವನು ಹೇಳುತ್ತಿದ್ದ. ಹಲಗೆಯ ಬರಹವನ್ನು ಪೈಪಿನ ನೀರು ತೊಳೆದುಬಿಟ್ಟಿತ್ತು. ಪಂಪಿನ ಆರ್ಭಟದಲ್ಲಿ ಬೇರೆ ಯಾರಿಗೂ ಕೇಳಿಸಿರಲಿಲ್ಲ. ವಿಚಾರಣೆಯಲ್ಲಿ ತಪ್ಪು ಅವನದೆಂದಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೊತೆಯವನನ್ನು ಕೊಂದವನೆಂಬ ಮಾತನ್ನು ಬದುಕಿಡೀ ಹೊರಬೇಕಿತ್ತು.

"ಕರೆದಿದ್ರೆ ಬರ್ತಿರ್ಲಿಲ್ವಾ ಅಪ್ಪಾ? ಮಾತು ಮೀರೋರಲ್ಲ ಅವರು," ಎಂದಳು ಮಗಳು, ವಿಚಾರಣೆಯ ಬೆಳಗ್ಗೆ.

"ಊಟಕ್ಕೆ ಬಾ ಅಂತ ಹತ್ತು ಸಲ ಕೂಗ್ತಿದ್ದೆಯಲ್ಲಮ್ಮ."

"ಊಟದ ಮಾತು ಬೇರೆ, ಬೆಂಕಿ ಮಾತು ಬೇರೆ."

ಬೇರೆಯಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಆ ಹುಡುಗ ಪರೀಕ್ಷೆಗೆ ಬಂದಾಗ ಎತ್ತರ, ಎದೆ, ಕಣ್ಣು ಎಲ್ಲವೂ ಸರಿಯಿತ್ತು. ನೆನೆದ ಪೈಪನ್ನು ಹೆಗಲಿಗೆ ಹಾಕಿಕೊಂಡು ಐದು ಮಹಡಿ ಹತ್ತಿದ. ಏಣಿಯ ತುದಿಯಿಂದ ಕೆಳಗೆ ನೋಡಿದರೂ ಕಾಲು ನಡುಗಲಿಲ್ಲ. ಕೊನೆಯದು ಹೊಗೆಕೋಣೆ. ಗೋಡೆಯಿಂದ ಕೈ ತೆಗೆಯದೆ ತಡಕಾಡುತ್ತ ಮರಳು ತುಂಬಿದ ಗೊಂಬೆಯನ್ನು ಹುಡುಕಬೇಕು. ಶಿಳ್ಳೆ ಕೇಳಿದರೆ ಬರಿಗೈಯಲ್ಲಾದರೂ ಹೊರಬರಬೇಕು. ಅವನು ಶಿಳ್ಳೆ ಕೇಳಿದ ನಾಲ್ಕು ನಿಮಿಷದ ಮೇಲೆ ಬಂದ. ಹೆಗಲ ಮೇಲೆ ಗೊಂಬೆಯಿತ್ತು. "ಸರ್, ಇದು ನಿಮಗಿಂತ ಭಾರ ಇದೆ!" ಎಂದು ನಕ್ಕ. ನಮೂನೆಯಲ್ಲಿ "ಶಿಳ್ಳೆ ಕೇಳಿದೊಡನೆ ಹೊರಬಂದನೇ?" ಎಂಬ ಪ್ರಶ್ನೆಯಿತ್ತು. ಮೇಷ್ಟ್ರು "ಹೌದು" ಎಂದು ಬರೆದು ಸಹಿ ಹಾಕಿದರು. ಎದೆ ತುಂಬಿಬಂದಿತ್ತು, ಕೊಟ್ಟರೆ ಇಂಥವನಿಗೇ ಮಗಳನ್ನು ಕೊಡಬೇಕು ಎನ್ನಿಸಿತ್ತು. ಮರುವರ್ಷ ಕೊಟ್ಟರು.

ಇದನ್ನೆಲ್ಲ ಅವರು ತಲೆತಗ್ಗಿಸಿಕೊಂಡು ಮಗಳಿಗೆ ಹೇಳಿದರು. ಅವಳ ಮುಖ ಬಿಳುಚಿಕೊಂಡಿತು.

"ಸತ್ತೋರ ಮೇಲೆ ಹೊರಿಸಿದ್ರೆ ಅವರೇನು ಎದ್ದು ಬಂದು ಜಗಳ ಆಡ್ತಾರಾ? ಸುಲಭ ಅಲ್ವಾ ಅಪ್ಪಾ?"

"ಅವನ ಮೇಲಲ್ಲಮ್ಮ. ನನ್ನ ಮೇಲೆ ಹೇಳೋಕೆ ಹೋಗ್ತಿದೀನಿ."

"ಹೋಗಿ. ನನ್ನ ಒಪ್ಪಿಗೆ ಮಾತ್ರ ಕೇಳ್ಬೇಡಿ."

ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಕಡತಗಳಿಂದ ಉಬ್ಬಿದ ಬೀರು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದರು.

"ಮೇಷ್ಟ್ರೇ, ನಿಮ್ಮ ಹೆಸರು ಸಾಕ್ಷಿಗಳ ಪಟ್ಟೀಲೇ ಇಲ್ಲ. ಮನೇಲಿ ಕೂತು ದೇವರ ಧ್ಯಾನ ಮಾಡ್ಕೊಂಡಿರೋದಲ್ವಾ?"

"ಎರಡು ವಾರದಿಂದ ಅದನ್ನೇ ಮಾಡ್ತಿದೀನಿ ಸ್ವಾಮಿ. ಕೂರೋಕೆ ಆತ ಬಿಡ್ತಿಲ್ಲ."

ಮೇಷ್ಟ್ರು ಹೊಗೆಕೋಣೆಯ ಸಂಗತಿ ಹೇಳಿದ ಮೇಲೆ ಬೀರುವಿನಿಂದ ಹಳೆಯ ನಮೂನೆ ಹೊರಬಂತು. ಕಾಗದ ಹಳದಿಗಟ್ಟಿತ್ತು, ಸಹಿ ಮಾಸಿರಲಿಲ್ಲ.

"ಈ 'ಹೌದು' ನಿಮ್ಮ ಕೈಬರಹಾನಾ?"

"ನನ್ನದೇ. ಸುಳ್ಳೂ ನನ್ನದೇ."

"ಎಂದೋ ಪರೀಕ್ಷೇಲಿ ತಡವಾಗಿ ಬಂದ ಅಂದ್ರೆ, ಮೊನ್ನೆ ಕರೆದಾಗ್ಲೂ ಬರ್ಲಿಲ್ಲ ಅಂತ ಹೇಗ್ರೀ ಹೇಳ್ತೀರಿ?"

"ಎಂದೋ ಒಂದ್ಸಲ ಅಲ್ಲ. 'ಮಾವ, ಶಿಳ್ಳೆ ಆದ್ಮೇಲೂ ನಾಲ್ಕು ನಿಮಿಷ ನಮ್ದೇ' ಅಂತ ಊಟಕ್ಕೆ ಕೂತಾಗ ಹೇಳ್ತಿದ್ದ. ಬೈಯ್ಬೇಕಾದೋನು ನಾನು. ಕೇಳಿಸ್ಕೊಂಡು ನಗ್ತಿದ್ದೆ."

ಅಧಿಕಾರಿ ಬರೆದುಕೊಂಡರು. "ಇದರಿಂದ ಆ ಮನುಷ್ಯ ಕರೆದ ಅಂತ ಸಾಬೀತಾಗಲ್ಲ ಮೇಷ್ಟ್ರೇ," ಎಂದರು, ಮೆತ್ತಗೆ.

ಹೊರಗೆ ಬೆಂಚಿನ ಮೇಲೆ ಗಡಿಯಾರ ಮುದುಡಿ ಕೂತಿದ್ದ. ಎರಡು ವಾರದಲ್ಲಿ ಅರ್ಧ ಇಳಿದುಹೋಗಿದ್ದ. ಮೇಷ್ಟ್ರು ಪಕ್ಕದಲ್ಲಿ ಕೂತು, ಒಳಗೆ ಹೇಳಿದ್ದನ್ನು ಹೇಳಿದರು. ಅವನು ಮುಖ ಮುಚ್ಚಿಕೊಂಡ.

"ಮೂರನೇ ಸಲ ಕರೆದಾಗ ಉತ್ತರ ಕೊಟ್ಟ ಮೇಷ್ಟ್ರೇ. 'ಬಂದೆ ಕಣೋ, ಇದೊಂದು ಕೋಣೆ ನೋಡ್ಬಿಡ್ತೀನಿ' ಅಂದ. ಹಿಂದೆ ಶಿಳ್ಳೆ ಹೊಡ್ಕೊಳ್ತಾ ಇತ್ತು."

"ಒಳಗೆ ಹೇಳಿದೆಯಾ?"

"ಇಲ್ಲ. ಹೇಳಿದ್ರೆ ತಪ್ಪು ಅವನದು ಅಂತ ಬರೀತಾರೆ. ನಿಮ್ಮನೇಲಿ ಅಕ್ಕ ಹೇಗೆ ತಡ್ಕೋತಾರೆ? ನಂದೇ ಇರ್ಲಿ ಅಂತ..."

"ದಡ್ಡ," ಎಂದರು ಮೇಷ್ಟ್ರು. "ನಾನೊಬ್ಬ ಸುಳ್ಳು ಬರೆದಿದ್ದಕ್ಕೆ ಇಷ್ಟಾಯ್ತು. ನೀನೂ ಸುಳ್ಳಾಗ್ಬೇಡ. ಏಳು." ತೋಳು ಹಿಡಿದು ಎಬ್ಬಿಸಿ ಬಾಗಿಲವರೆಗೆ ನಡೆಸಿದರು. ಅವನು ಒಳಗೆ ಹೋಗಿ, ಹೇಳಿ, ಹೊರಗೆ ಬರುವವರೆಗೂ ಕಾದರು.

ಮನೆಗೆ ಬಂದಾಗ ಸಂಜೆಯಾಗಿತ್ತು. ಮಗಳು ಕುರ್ಚಿಯಿಂದ ಏಳಲಿಲ್ಲ. ಮೇಷ್ಟ್ರು ಎದುರು ಕೂತು, ಗಡಿಯಾರ ಬಚ್ಚಿಟ್ಟಿದ್ದ ಮಾತನ್ನು ಅವನು ಹೇಳಿದಂತೆಯೇ ಹೇಳಿದರು.

"ಬಂದೆ ಅಂದ್ರಾ?" ಅವಳ ದನಿ ಅಲುಗಿತು.

"ಅಂದ."

"ಊಟಕ್ಕೆ ಕರೆದ್ರೂ ಹಾಗೇ ಅಂತಿದ್ರು," ಎಂದವಳೇ ಅವಳು ಎರಡು ವಾರದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ಅತ್ತು ಮುಗಿಸಿ, "ಗಡಿಯಾರನಿಗೆ ಅನ್ನಬಾರದ್ದು ಅಂದೆ ಅಪ್ಪಾ. ನಾಳೆ ಅವನ ಮನೆಗೆ ಹೋಗಿ ಬರೋಣ," ಎಂದಳು. ತಂದೆಯನ್ನು ಕ್ಷಮಿಸಿದೆ ಎನ್ನಲಿಲ್ಲ. ಮೇಷ್ಟ್ರೂ ಕೇಳಲಿಲ್ಲ. ಅವರು ದೀಪ ಹಚ್ಚಿ ಕೈಮುಗಿದು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಬಂದು ಒಂದು ಮಾರು ದೂರದಲ್ಲಿ ನಿಂತಳು.

ದೇವರೇ, ಇಲ್ಲದವನನ್ನು ಹುಡುಕಿಕೊಂಡು ಹೋದವನು ನಿನ್ನ ಬಳಿ ಬಂದಿದ್ದಾನೆ. ಅವನ ತಪ್ಪನ್ನು ನನ್ನ ಹೆಸರಿಗೆ ಬರೆದುಕೋ. ಅವನಿಗೆ ತಂಪಾದ ನೆಲೆ ಕೊಡು, ಒಳ್ಳೆಯ ಗಾಳಿ ಕೊಡು. ಅವನ ಆತ್ಮಕ್ಕೆ ಶಾಂತಿ ಕೊಡು ತಂದೆ.