ಗದ್ದೆಗಿಳಿದ ಹೊಲಿಗೆ ಮೆಷಿನ್

"ಗಂಡ ಕಣ್ಣಿಗ್ ಕಾಣ್ದಿದ್ ಹೆಣ್ಣಿಗ್ ಬೆಳೆ ಸಾಲ ಎಂತಕೆ? ಗದ್ದಿ ಎಂತ ನಿನ್ ಸೆರಗಂಗ್ ಕಟ್ಕಂಡ್ ಬಂದಿದ್ಯಾ?"

ಕೇಳಿದವರು ಸೊಸೈಟಿ ಅಧ್ಯಕ್ಷ ಭೋಜರಾಜರು. ಕೇಳಿಸಿಕೊಂಡವಳು ನಮ್ಮ ಬೆಳ್ಳಿ. ಇಡೀ ಆಫೀಸು ನಕ್ಕಿತು. ಬೆಳ್ಳಿಯ ಜತೆಗೆಂದು ಹೋದ ನಾನು, ಜಲಜ, ಬಾಗಿಲ ಹೊರಗೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಅವ್ರ್ ಬೊಂಬಾಯಂಗ್ ಇದ್ರ್ ಒಡೆಯಾ. ಗದ್ದಿ ಮಾಡುದ್ ನಾನೇ. ಭತ್ತದ್ ಅಗಿ ಬೆಳ್ದ್ ನಿಂತಿತ್ತ್. ಈ ವಾರ ಹೂಡಿ ನೆಡ್ದಿರೆ ಗದ್ದಿ ಬೆಳಿ ಇಲ್ದೆ ಹಡ್ಲ್ ಬೀಳತ್ತ್."

"ಪಹಣಿ ನಿನ್ ಗಂಡ ಕೊರಗನ್ ಹೆಸ್ರಂಗ್ ಇತ್ತ್. ಅವ್ನೇ ಬಂದ್ ಸೈನ್ ಹಾಕ್ಲಿ."

ಹೋಟೆಲ್ ಕೆಲಸಕ್ಕೆಂದು ಹೋದ ಕೊರಗ ಎಲ್ಲಿದ್ದಾನೆಂದು ಮೈಮೇಲೆ ದೈವ ಬಂದು ನುಡಿಯುವ ಪಾತ್ರಿಗೂ ಗೊತ್ತಾಗಿರಲಿಲ್ಲ. ಸೈನ್ ಎಲ್ಲಿಂದ ತರುವುದು?

"ಹೆಣ್ಮಕ್ಳಿಗ್ ಸರ್ಕಾರದ್ ಬೇರೆ ಸಾಲ ಇತ್ತ್," ಎಂದರು ಅಧ್ಯಕ್ಷರು. "ಹೊಲಿಗಿ ಮಿಷಿನ್. ದುಡ್ಡ್ ಕೈಗ್ ಕೊಡುದಿಲ್ಲ."

"ಮಿಷಿನಂಗ್ ಗದ್ದಿ ಹೂಡುಕ್ ಆತ್ತಾ?"

"ಅದ್ ನಿನ್ ತಲಿಬಿಸಿ. ಆತಿಲ್ಲ ಅಂದ್ರ್ ಗದ್ದಿ ನಂಗ್ ಬಿಡ್. ತೆಂಗಿನ್ ಸಸಿ ಹಾಕ್ತೆ."

ಮರುದಿನವೇ ಟೆಂಪೋದಲ್ಲಿ ಮೆಷಿನ್ ಬಂತು. ಬೆಳ್ಳಿಗೆ ಸೂಜಿಗೆ ನೂಲು ಪೋಣಿಸಲೂ ಬಾರದು. ಅಂಗಳದಲ್ಲಿಟ್ಟ ಮೆಷಿನ್ ಮೇಲೆ ಕೋಳಿ ಹತ್ತಿ ಕೂತಿತು. ಮಾರಿದರೆ ಪೊಲೀಸ್ ಕೇಸು ಎಂದು ಮೊದಲೇ ಹೆದರಿಸಿದ್ದರು. ಊರಿನ ಒಂದೇ ಟಿಲ್ಲರ್ ಅಧ್ಯಕ್ಷರದ್ದೇ, ಅದು ದುಡ್ಡು ಕಾಣದೆ ಕೊಟ್ಟಿಗೆ ಬಿಟ್ಟು ಹೊರಡುತ್ತಿರಲಿಲ್ಲ. ಇಡೀ ಬೈಲು ಹಸುರಾಯಿತು. ಬೆಳ್ಳಿಯ ಗದ್ದೆಯಲ್ಲಿ ಮಾತ್ರ ನೀರು, ಕಳೆ, ಕಪ್ಪೆ.

ಆ ವಾರದ ಕೊನೆಗೆ ಜಿಲ್ಲಾ ಕಚೇರಿಯಿಂದ ಸ್ನೇಹಲತಾ ಮೇಡಂ ಮೆಷಿನ್ ಪಡೆದವರ ಫೋಟೋ ತೆಗೆಯಲು ಬಂದರು. ಬಿಳಿ ಪಂಚೆಯಲ್ಲಿ ಭೋಜರಾಜರು ಮುಂದೆ, ಛತ್ರಿ ಹಿಡಿದು ಮೇಡಂ ಹಿಂದೆ. ಅಂಗಳದಲ್ಲಿ ಮೆಷಿನ್ ಇರಲಿಲ್ಲ. ನಮ್ಮ ಸ್ವಸಹಾಯ ಸಂಘದ ಹೆಂಗಸರೆಲ್ಲ ಸೇರಿ ಅದನ್ನು ಹೊತ್ತು ಗದ್ದೆಗಿಳಿಸಿ, ಬಾವಿಹಗ್ಗ ಕಟ್ಟಿ ಎಳೆಯುತ್ತಿದ್ದೆವು. ಕಬ್ಬಿಣದ ಕಾಲು ಕೆಸರಿಗಿಳಿದು ಕಳೆಯನ್ನು ಬುಡಸಮೇತ ಕೀಳುತ್ತಿತ್ತು. ಉಳುಮೆಯೆಂದರೆ ಉಳುಮೆ, ಅಲ್ಲವೆಂದರೆ ಅಲ್ಲ.

"ಹಡಬಿ ಮುಂಡೇರಾ, ಸರ್ಕಾರದ್ ಮಿಷಿನ್ ಕೆಸ್ರಿಗ್ ಹಾಕಿದ್ರ್ಯಾ?" ಎಂದು ಭೋಜರಾಜರು ಕೂಗಿದರು.

"ನೀವ್ ಕೊಟ್ಟ್ ಕೋಣ ಇದೇ ಅಲ್ದಾ ಒಡೆಯಾ," ಎಂದಳು ಬೆಳ್ಳಿ.

ಅಧ್ಯಕ್ಷರು ಅಂಚಿನಿಂದ ಧುಮುಕಿ ಮೆಷಿನ್ನಿನ ಚಕ್ರ ಹಿಡಿದುಕೊಂಡರು. ನಾವು ನಿಲ್ಲಲಿಲ್ಲ. ಸಿಟ್ಟು ಬಂದಿತ್ತು, ಯಾಕೆ ನಿಲ್ಲಬೇಕು? ಅವರು ಮಗುಚಿ ಬಿದ್ದರು. ಆದರೂ ಚಕ್ರ ಬಿಡಲಿಲ್ಲ. ಮೆಷಿನ್ನಿಗೆ ಜಾಮೀನು ಸೈನ್ ಹಾಕಿದ್ದು ಅವರೇ, ಹಾಳಾದರೆ ದಂಡ ಅವರ ತಲೆಗೆ. ಮುಂದೆ ಮೆಷಿನ್ ಉಳುತ್ತಾ ಹೋಯಿತು, ಹಿಂದೆ ಅಧ್ಯಕ್ಷರ ಹೊಟ್ಟೆ ಕೆಸರನ್ನು ಸಮ ಮಾಡುತ್ತಾ ಬಂತು. ಮರದ ಹಲಗೆ ಎಳೆದು ಸಮ ಮಾಡಿದರೂ ಅಷ್ಟು ಚೆಂದ ಆಗುತ್ತಿರಲಿಲ್ಲ.

ಮೇಡಂ ಕ್ಯಾಮೆರಾ ಎತ್ತಿದರು. "ಇವರು ಯಾವ ಯೋಜನೆಯ ಫಲಾನುಭವಿ?"

ಆಚೆ ಅಂಚು ಮುಟ್ಟಿದಾಗ ಭೋಜರಾಜರು ಮೊಣಕಾಲೂರಿ ಏಳಲು ನೋಡಿದರು. ಬೆಳ್ಳಿ ಹಗ್ಗವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಏಳ್ಬೇಡಿ ಒಡೆಯಾ. ಇನ್ನೂ ಅರ್ಧ ಗದ್ದಿ ಇತ್ತ್."