ಒಡಲಿನ ಕಾವಿಗೆರೆ

ಕಾರ್ಕಳದ ಶಿಲ್ಪಿ ಭುಜಂಗ ಆಚಾರ್ಯರು ಶನಿವಾರದ ಎಣ್ಣೆಸ್ನಾನವನ್ನು ಬಿಟ್ಟು ನಾಲ್ಕು ತಿಂಗಳಾಗಿತ್ತು. ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ವಾರ ತಪ್ಪದೆ ಗಂಡನ ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದಿದ್ದ ಅಪ್ಪಿಗೆ, ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಬೀಳುವ ಸದ್ದು ಈಗ ಎದೆಗೇ ಬಡಿದಂತಾಗುತ್ತಿತ್ತು.

"ಬೆನ್ನಾದರೂ ತಿಕ್ಕುತ್ತೇನೆ, ತೆಗೆಯಿರಿ."

"ಬೇಡ ಮಾರಾಯ್ತಿ, ನನಗೆ ಕೈ ಉಂಟಲ್ಲ!"

ಆ ವರ್ಷ, ಎಂಬತ್ತಮೂರನೇ ಇಸವಿಯ ಬೇಸಗೆಯಲ್ಲಿ, ಮೂತ್ರ ಕಟ್ಟಿಕೊಂಡಿತೆಂದು ಮಣಿಪಾಲದ ಆಸ್ಪತ್ರೆಗೆ ಹೋದಾಗ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇರುವುದು ತಿಳಿದಿತ್ತು. ಉಡುಪಿಯಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ಆಚಾರ್ಯರು ಆರು ವಾರ ಕೋಬಾಲ್ಟ್ ಯಂತ್ರದ ಕಿರಣಗಳಿಗೆ ಮೈಯೊಡ್ಡಿದರು. ಆಷಾಢದಲ್ಲಿ ಚಿಕಿತ್ಸೆ ಮುಗಿಯಿತು. ಉರಿಮೂತ್ರ, ಭೇದಿ, ಬಳಲಿಕೆಗಳು ಒಂದೊಂದಾಗಿ ಹಿಂದೆ ಸರಿದವು. ಕಲ್ಲಿನ ಮುಂದೆ ಕೂರುವುದು ಮಾತ್ರ ಕಷ್ಟವಾಗಿತ್ತು. ಅಪ್ಪಿ ಬೂರುಗದ ಹತ್ತಿ ತುಂಬಿ ಒಂದು ದಿಂಬು ಹೊಲಿದುಕೊಟ್ಟಳು. ಅದರ ಮೇಲೆ ದಿನಕ್ಕೆ ಅರ್ಧ ಗಂಟೆ ಕುಳಿತು, ಇನ್ನಂಜೆ ಊರಿನವರು ಕೆತ್ತಿಕೊಡಲು ಹೇಳಿದ್ದ ಗಣಪತಿಯ ಕರಿಗಲ್ಲಿನಲ್ಲಿ ಅವರು ಮೆಲ್ಲಮೆಲ್ಲನೆ ಉಳಿಯಾಡಿಸುತ್ತಿದ್ದರು.

ಉಳಿದ ಚಿಂತೆಯೆಲ್ಲ ರಕ್ತದ್ದು. ಆಸಿಡ್ ಫಾಸ್ಫಟೇಸ್ ಎಂಬ ಒಂದು ಅಂಶವನ್ನು ರಕ್ತದಲ್ಲಿ ಅಳೆಯುತ್ತಿದ್ದರು. ಚಿಕಿತ್ಸೆಗೆ ಮುನ್ನ ಹನ್ನೊಂದಿದ್ದ ಅಂಕೆ, ಚಿಕಿತ್ಸೆ ಮುಗಿದು ತಿಂಗಳಾದ ಮೇಲೆ ಆರಕ್ಕೆ ಇಳಿದಿತ್ತು. ಕಾರ್ತಿಕದಲ್ಲಿ ಮತ್ತೊಮ್ಮೆ ನೋಡುವ, ನಾಲ್ಕರ ಕೆಳಗೆ ಬಂದರೆ ನಿಶ್ಚಿಂತೆ ಎಂದಿದ್ದರು ಡಾಕ್ಟರ್ ಮೌರಿಸ್. ಏರಿದರೆ ಏನೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಆದರೆ ಅಪ್ಪಿಗೆ ಆ ಅಂಕೆಗಿಂತ ಮುಚ್ಚಿದ ಬಾಗಿಲೇ ಹೆಚ್ಚು ಹೇಳುತ್ತಿತ್ತು. ಹೊಟ್ಟೆಯ ಕೆಳಗೆ ಏನೋ ಗಂಟು ಎದ್ದಿರಬೇಕು. ತನಗೆ ತಿಳಿಯಬಾರದೆಂದು ಅದನ್ನು ಬಚ್ಚಿಡುತ್ತಿದ್ದಾರೆ. ಪಂಚೆಯನ್ನು ಹೊಕ್ಕುಳದ ಮೇಲೆಯೇ ಬಿಗಿಯುವ ಈ ಹೊಸ ಅಭ್ಯಾಸಕ್ಕೆ ಬೇರೆ ಯಾವ ಅರ್ಥವಿದ್ದೀತು? ನಿತ್ಯವೂ ದೇವರ ಮುಂದೆ ದೀಪ ಹಚ್ಚಿ ಅವಳು ಬೇಡುತ್ತಿದ್ದುದು ಒಂದೇ: ಆ ಗಂಟು ಗಂಟಾಗಿರದಿರಲಿ.

ಕಾರ್ತಿಕ ಮಾಸದ ಆ ಶುಕ್ರವಾರ ಇಬ್ಬರೂ ಮಣಿಪಾಲಕ್ಕೆ ಬೆಳಗಿನ ಬಸ್ಸು ಹತ್ತಿದರು. ದಿಂಬನ್ನು ಸೀಟಿನ ಮೇಲೆ ಹಾಕಿಕೊಂಡು ಕುಳಿತ ಆಚಾರ್ಯರು ಹಿರಿಯಡಕ ದಾಟುವಾಗ, "ನೋಡು, ಗಣಪತಿಗೂ ನನಗೂ ಈಗ ಆಸನ ಬೇಕು," ಎಂದರು. ನಗಬೇಕೆಂದು ಅಪ್ಪಿ ನಕ್ಕಳು.

ಡಾಕ್ಟರ್ ಮೌರಿಸ್ ಮೊದಲು ರಕ್ತ ಕೊಟ್ಟು ಬರಲು ಹೇಳಿದರು. "ಗ್ರಂಥಿಯನ್ನು ಒತ್ತಿ ನೋಡಿದರೆ ಅಂಕೆ ಸುಳ್ಳೇ ಏರ್ತದೆ, ಆಚಾರ್ಯರೇ. ಪರೀಕ್ಷೆ ಆಮೇಲೆ."

ರಕ್ತ ಕೊಟ್ಟಾಯಿತು. ಪರದೆಯ ಆಚೆಗೆ ಆಚಾರ್ಯರನ್ನು ಮಲಗಿಸಿದರು. ಅಪ್ಪಿ ಈಚೆಯ ಸ್ಟೂಲಿನ ಮೇಲೆ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಅನಂತರ ವೈದ್ಯರ ಸ್ವರ ತುಸು ಗಂಭೀರವಾಯಿತು.

"ಇದೆಂತ ಕೆಂಪು? ಚರ್ಮ ಹೀಗೆ ಕೆಂಪಾಗಿ ಎಷ್ಟು ದಿನವಾಯಿತು?"

ಅಪ್ಪಿಯ ಬೆರಳುಗಳು ದಿಂಬಿನೊಳಕ್ಕೆ ಇಳಿದವು. ಕೂರಲಾಗದೆ ಎದ್ದು ಪರದೆ ಸರಿಸಿದಳು. ಗಂಡನ ಹೊಕ್ಕುಳದ ಕೆಳಗೆ ಕೆಂಪಗಿನ ಒಂದು ಚೌಕ. ನಡುವೆ ಮೇಲಿನಿಂದ ಕೆಳಕ್ಕೆ ನೇರವಾದ ಒಂದು ಗೆರೆ. ಡಾಕ್ಟರರು ಅದನ್ನು ಮುಟ್ಟಿದರು. ಬೆರಳ ತುದಿಗೆ ಕೆಂಪು ಹತ್ತಿತು. ಆ ಬೆರಳನ್ನು ಅವರು ಬೆಳಕಿಗೆ ಹಿಡಿದು ನೋಡಿದರು.

"ಕಾವಿ," ಎಂದಳು ಅಪ್ಪಿ. ಆ ಬಣ್ಣವನ್ನು ಅವಳಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ಅವಳ ಮನೆಯಂಗಳದ ಪ್ರತಿಯೊಂದು ಕಲ್ಲಿನ ಮೇಲೂ ಅದೇ ಕಾವಿಯಲ್ಲಿ ಸೂತ್ರಗಳೆಂಬ ಅಳತೆಗೆರೆಗಳಿರುತ್ತಿದ್ದವು.

"ನಮ್ಮ ಶಾಯಿ ನೇರಳೆಯಲ್ವಾ?" ಎಂದರು ಡಾಕ್ಟರು. "ಕಿರಣ ಬೀಳುವ ಜಾಗಕ್ಕೆಂದು ಹಾಕಿದ ಗೆರೆ. ಚಿಕಿತ್ಸೆ ಮುಗಿದ ದಿನವೇ ತೊಳೆಯಬಹುದು ಎಂದಿದ್ದೆವಲ್ಲ?"

"ಹೇಳಿದ್ರಿ," ಎಂದರು ಆಚಾರ್ಯರು, ಕಣ್ಣನ್ನು ಚಾವಣಿಯತ್ತ ನೆಟ್ಟು. "ಆದರೆ ಕೆಲಸ ಮುಗಿಯಿತು ಅಂತ ಹೇಳಿಲ್ಲ ನೀವು. ರಕ್ತ ನೋಡುವ ಅಂದ್ರಿ. ಶಾಯಿ ಮಾಸ್ತಾ ಬಂತು. ಅದರ ಮೇಲೆಯೇ ನಾನು ಕಾವಿ ಎಳೆದುಕೊಂಡೆ. ಪುನಃ ಕಿರಣ ಕೊಡಬೇಕಾಗಿ ಬಂದರೆ ನಿಮಗೆ ಜಾಗ ತಪ್ಪಬಾರದಲ್ಲ?"

ಅಪ್ಪಿಗೆ ಹಳೆಯದೊಂದು ನೆನಪಾಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಅಂಗಳ ಗುಡಿಸುತ್ತ, ಅರೆಗೆತ್ತಿದ ದೇವಿಯ ವಿಗ್ರಹವನ್ನು ಒದ್ದೆಬಟ್ಟೆಯಿಂದ ಒರೆಸಿಬಿಟ್ಟಿದ್ದಳು. ನೆತ್ತಿಯಿಂದ ಪಾದದವರೆಗೆ ಎಳೆದಿದ್ದ, ಬ್ರಹ್ಮಸೂತ್ರವೆಂಬ ನಡುಗೆರೆ ಅಳಿಸಿಹೋಗಿತ್ತು. ಆ ದಿನ ಅವರು ಉಣ್ಣಲಿಲ್ಲ, ಬೈಯಲೂ ಇಲ್ಲ. ಕೊನೆಗೆ ವಿಗ್ರಹದ ಕಣ್ಣು ತೆರೆಸಿ ಕೆಲಸ ಮುಗಿಸುವವರೆಗೆ ಸೂತ್ರ ಅಳಿಯಬಾರದು, ಅಳಿದರೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೋ ಬಲ್ಲವರಿಲ್ಲ ಎಂದಷ್ಟೇ ಹೇಳಿದ್ದರು. ನಾಲ್ಕು ತಿಂಗಳು ಬಾಗಿಲಿಗೆ ಅಗುಳಿ ಹಾಕಿ, ಸೊಂಟಕ್ಕೆ ನೀರು ಸೋಕದಂತೆ ಮಿಂದು, ಅವರು ಬಚ್ಚಿಟ್ಟದ್ದು ಗಂಟನ್ನಲ್ಲ. ತಮ್ಮ ಭಯವನ್ನು.

"ನನಗೊಂದು ಮಾತು ಹೇಳಬಹುದಿತ್ತು," ಎಂದಳು.

"ಹೇಳಿದರೆ ನೀನು ಒರೆಸ್ತಿದ್ದೆ. ನಿನ್ನ ಕೈ ನನಗೆ ಗೊತ್ತುಂಟು."

ಡಾಕ್ಟರರು ನಕ್ಕರು, ಅನಂತರ ಮೃದುವಾಗಿ, "ಒಂದು ಜಾಗಕ್ಕೆ ಪೂರ್ಣ ಪ್ರಮಾಣದ ಕಿರಣ ಕೊಟ್ಟಾದ ಮೇಲೆ ಪುನಃ ಅಲ್ಲಿಗೇ ಕೊಡುವುದಿಲ್ಲ, ಆಚಾರ್ಯರೇ. ಈ ಗೆರೆ ನಮಗೆ ಬೇಡ. ಗ್ರಂಥಿ ಮೆತ್ತಗಾಗಿದೆ, ಅದು ಒಳ್ಳೆಯದೇ. ಮೂರು ಗಂಟೆಗೆ ರಕ್ತದ ವರದಿ ಬರ್ತದೆ, ಕೂತ್ಕೊಳ್ಳಿ," ಎಂದರು.

ಮೂರರವರೆಗೆ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕುಳಿತರು. ಕಟ್ಟಿ ತಂದಿದ್ದ ಅವಲಕ್ಕಿ ಬುತ್ತಿಯಲ್ಲಿಯೇ ಉಳಿಯಿತು. ಮತ್ತೆ ಕರೆ ಬಂದಾಗ ಆಚಾರ್ಯರಿಗೆ ಏಳಲು ತಡವಾಯಿತು. ಅಪ್ಪಿ ಅವರ ಮೊಣಕೈ ಹಿಡಿದಳು, ಅವರು ಬಿಡಿಸಿಕೊಳ್ಳಲಿಲ್ಲ.

"ಅಂಕೆ ಮೂರಕ್ಕೆ ಇಳಿದಿದೆ," ಎಂದರು ಡಾಕ್ಟರ್ ಮೌರಿಸ್. ಚೀಟಿಯನ್ನು ಅಪ್ಪಿಯ ಕೈಗೇ ಕೊಟ್ಟರು. "ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವ. ಅಮ್ಮ, ಆ ಕಾವಿಯನ್ನು ನೀವೇ ತೊಳೆದುಬಿಡಿ. ಇವರನ್ನು ನಂಬಬೇಡಿ."

ಮರುದಿನ ಶನಿವಾರ. ಹಂಡೆಯ ನೀರು ಕಾಯುವಾಗ ಬಚ್ಚಲುಮನೆಯ ಬಾಗಿಲು ತೆರೆದೇ ಇತ್ತು. ಆಚಾರ್ಯರು ಮಣೆಯ ಮೇಲೆ, ದಿಂಬಿಲ್ಲದೆ, ತುಸು ಓರೆಯಾಗಿ ಕುಳಿತಿದ್ದರು. ಅಪ್ಪಿ ನೆತ್ತಿಗೆ ಎಣ್ಣೆಯಿಟ್ಟು, ಬೆನ್ನು ತಿಕ್ಕಿ, ಮುಂದೆ ಬಂದು ಕುಳಿತಳು. ಒಂದು ಚೆಂಬು ಬಿಸಿನೀರು ಹೊಯ್ದು ಅಂಗೈಯಿಂದ ಒರೆಸಿದಳು. ಕೆಂಪುನೀರು ಹಾಸುಗಲ್ಲಿನ ಮೇಲೆ ಹರಿದು ತೂಬಿನತ್ತ ಹೋಯಿತು.

ಗೆರೆ ಹೋದ ಮೇಲೆಯೂ ಅಲ್ಲಿ ಚೌಕವೊಂದು ಉಳಿಯಿತು. ಕಿರಣ ಬಿದ್ದಷ್ಟೂ ಜಾಗದ ಚರ್ಮ ಸುತ್ತಲಿಗಿಂತ ಕಪ್ಪಾಗಿತ್ತು.

"ನೀವು ಬರೆಯದಿದ್ದರೂ ಜಾಗ ತಪ್ಪುತ್ತಿರಲಿಲ್ಲ. ಇಲ್ಲಿ ನೋಡಿ," ಎಂದು ಬೆರಳಿನಿಂದ ಅದರ ಅಂಚನ್ನು ತೋರಿಸಿದಳು.

ಅವರು ತಲೆ ಬಗ್ಗಿಸಿ ಬಹಳ ಹೊತ್ತು ನೋಡಿದರು. "ಒಳ್ಳೆ ಕೈಯ ಕೆಲಸ. ಮೂಲೆ ಸರಿ ಉಂಟು," ಎಂದರು. ಮತ್ತೆ ತಗ್ಗಿದ ಸ್ವರದಲ್ಲಿ, "ಆರು ತಿಂಗಳಿಗೆ ಪುನಃ ರಕ್ತ ಕೊಡಬೇಕಲ್ಲ, ಅಪ್ಪಿ."

"ಕೊಡುವ. ನಾನೂ ಬರ್ತೇನೆ." ಅವಳು ಸೀಗೆಪುಡಿಯ ಬಟ್ಟಲನ್ನು ಕೈಗೆತ್ತಿಕೊಂಡಳು. "ಈಗ ಕಣ್ಣು ಮುಚ್ಚಿ, ಸೀಗೆ ಹೋಗ್ತದೆ."